ಮೇಲಿನ ಅಂಕಿ, ಇರುಳಿನ ಅಂಕಿ

ಮುಳ್ಳೂರು ಕೊಳ್ಳೇಗಾಲದ ಮಗ್ಗುಲಿನ ಹೊಳೆಬದಿಯ ಊರು. ಕಾವೇರಿ ಮೈದುಂಬಿ ಹರಿದ ವರ್ಷ ದಾಸನಪುರ, ಹರಳೆ, ಯಡಕುರಿಯದ ಜೊತೆಗೆ ಈ ಊರಿನ ಹೆಸರೂ ಪತ್ರಿಕೆಯಲ್ಲಿ ಕಾಣಿಸುತ್ತದೆ. ಆ ದಿನಗಳಲ್ಲಿ ಇಲ್ಲಿಯವರು ಒಂದು ಸಲ ದಂಡೆಗೆ ಹೋಗಿ ನೋಡಿ ಬಂದು ಸುಮ್ಮನಾಗುವುದಿಲ್ಲ. ಕೆಆರ್‌ಎಸ್‌ನಿಂದ ಎಷ್ಟು ಬಿಟ್ಟಿದ್ದಾರೆ, ಕಬಿನಿಯಿಂದ ಎಷ್ಟು ಬಂತು, ರಾತ್ರಿ ಇನ್ನೆಷ್ಟು ಏರಬಹುದು ಎಂದು ವಿಚಾರಿಸುತ್ತಲೇ ಇರುತ್ತಾರೆ. ಹಗಲು ಹತ್ತು ಗಂಟೆಗೆ ಕಂಡ ನೀರಿನ ಮಟ್ಟ ನಡುರಾತ್ರಿಯ ಮಟ್ಟವಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಬಿಪಿಯ ವಿಷಯಕ್ಕೆ ಬಂದಾಗ ಮಾತ್ರ ಇದೇ ಜನ, ಇದೇ ನಾವೆಲ್ಲ, ಒಂದೇ ನೋಟಕ್ಕೆ ತೃಪ್ತರಾಗಿಬಿಡುತ್ತೇವೆ. ಆಸ್ಪತ್ರೆಯ ಚೀಟಿಯ ಮೂಲೆಯಲ್ಲಿ 150/90 ಎಂದು ಬರೆದರೆ ಅದೇ ಕೊನೆಯ ಮಾತು. ‘ಬಿಪಿ ಐತೆ’ ಅಥವಾ ‘ಬಿಪಿ ಇಲ್ಲ’. ಆ ಎರಡು ಅಂಕಿಗಳಲ್ಲಿ ಯಾವುದು ಮುಖ್ಯ, ಅದನ್ನು ಎಲ್ಲಿ, ಯಾವ ಹೊತ್ತಿನಲ್ಲಿ ಅಳೆದರೆ ನಮ್ಮ ಆಯಸ್ಸಿನ ಬಗ್ಗೆ ನಿಜ ಹೇಳುತ್ತದೆ ಎಂಬ ಪ್ರಶ್ನೆಯನ್ನು ರೋಗಿ ಕೇಳುವುದಿಲ್ಲ. ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಹೇಳಲು ಪುರುಸೊತ್ತಿರುವುದಿಲ್ಲ. ಜಗತ್ತಿನ ಸಂಶೋಧಕರು ಈ ಪ್ರಶ್ನೆಗೆ ನೂರು ವರ್ಷಗಳಿಂದ ಉತ್ತರ ಹುಡುಕುತ್ತಿದ್ದಾರೆ. ಅವರು ಕಂಡುಕೊಂಡದ್ದು ಮುಳ್ಳೂರಿನ ಜಗುಲಿಯ ತನಕ ಬರಬೇಕು ಎಂಬುದೇ ಈ ಲೇಖನದ ಆಸೆ.

ಮೊದಲು ಅಂಕಿಗಳ ಮಾತು. ಹೃದಯ ಮುಷ್ಟಿಕಟ್ಟಿ ರಕ್ತವನ್ನು ದೂಡಿದಾಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಅಂಕಿ. ಹೃದಯ ಸಡಿಲಗೊಂಡು ಮತ್ತೆ ತುಂಬಿಕೊಳ್ಳುವಾಗ ನಾಳದಲ್ಲಿ ಉಳಿಯುವ ಒತ್ತಡ ಕೆಳಗಿನದು. ಇದನ್ನು ಮೊದಲು ಅಳೆದವರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುದುರೆಯ ರಕ್ತನಾಳಕ್ಕೆ ಕೊಳವೆ ಜೋಡಿಸಿ, ಗಾಜಿನ ನಳಿಗೆಯಲ್ಲಿ ರಕ್ತ ಎಂಟು ಅಡಿಗೂ ಮೇಲೆ ಏರಿದ್ದನ್ನು ಕಂಡು 1733ರಲ್ಲಿ ಬರೆದಿಟ್ಟರು. ಮನುಷ್ಯನ ತೋಳಿಗೆ ಸುತ್ತುವ ಪಟ್ಟಿಯನ್ನು 1896ರಲ್ಲಿ ತಂದವರು ಇಟಲಿಯ ರಿವಾ-ರೋಚಿ. ಆ ಪಟ್ಟಿಯಿಂದ ಮೇಲಿನ ಅಂಕಿಯಷ್ಟೇ ಸಿಗುತ್ತಿತ್ತು. 1905ರಲ್ಲಿ ರಷ್ಯಾದ ಯುವ ಶಸ್ತ್ರವೈದ್ಯ ನಿಕೊಲಾಯ್ ಕೊರಟ್ಕೊಫ್ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಸದ್ದು ಶುರುವಾಗುವ ಜಾಗ ಮೇಲಿನದು, ನಿಲ್ಲುವ ಜಾಗ ಕೆಳಗಿನದು. ಇಂದಿಗೂ ನರ್ಸಮ್ಮ ಗಾಳಿಯೂದಿ, ಗಾಳಿ ಬಿಟ್ಟು ಕೇಳಿಸಿಕೊಳ್ಳುವುದು ಆ ಸದ್ದನ್ನೇ.

ಬಿಪಿಗೂ ಸಾವಿಗೂ ಇರುವ ನಂಟನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ಆಸ್ಪತ್ರೆಯವರಲ್ಲ, ಜೀವವಿಮೆಯವರು. ಯಾರು ಬೇಗ ಸಾಯುತ್ತಾರೆ ಎಂಬ ಲೆಕ್ಕದ ಮೇಲೇ ಅವರ ವ್ಯವಹಾರ ನಿಂತಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲೇ ಅಮೆರಿಕದ ವಿಮಾ ಕಂಪನಿಗಳ ವೈದ್ಯರು ಅರ್ಜಿದಾರರ ಬಿಪಿ ನೋಡಿ, ಹೆಚ್ಚಿದ್ದವರು ಬೇಗ ಸಾಯುತ್ತಾರೆ ಎಂದು ದಾಖಲಿಸಿದ್ದರು. ಆಸ್ಪತ್ರೆಗಳಲ್ಲಿ ಮಾತ್ರ ಬಹುಕಾಲ ಬೇರೆಯೇ ನಂಬಿಕೆ ಇತ್ತು. ವಯಸ್ಸಾದಂತೆ ನಾಳ ಗಡುಸಾಗುತ್ತದೆ, ಗಡುಸಾದ ನಾಳದಲ್ಲಿ ರಕ್ತ ಹರಿಯಬೇಕಾದರೆ ಒತ್ತಡ ಏರಲೇಬೇಕು, ಅದನ್ನು ಇಳಿಸಿದರೆ ಅಪಾಯ ಎಂದು ದೊಡ್ಡ ದೊಡ್ಡ ವೈದ್ಯರೇ ಬರೆದರು. ‘ವಯಸ್ಸಿಗೆ ನೂರು ಕೂಡಿಸು, ಅದೇ ನಿನ್ನ ಬಿಪಿ’ ಎಂಬ ಲೆಕ್ಕ ನಮ್ಮಲ್ಲಿ ಈಗಲೂ ಹಿರಿಯರ ಬಾಯಲ್ಲಿ ಉಳಿದಿದೆ. ಎಪ್ಪತ್ತರ ಅಜ್ಜನಿಗೆ 170 ಇದ್ದರೆ ಸರಿ ಎಂಬ ಈ ಲೆಕ್ಕ ಎಷ್ಟು ಮನೆಗಳಲ್ಲಿ ಲಕ್ವ ತಂದಿದೆಯೋ ಹೇಳಲಾಗದು.

ಬಿಪಿ ಇಳಿಸಿದರೆ ಜೀವ ಉಳಿಯುತ್ತದೆ ಎಂದು ಖಚಿತವಾಗಿ ಗೊತ್ತಾದದ್ದು 1967ರಲ್ಲಿ. ಆ ಕಥೆಯಲ್ಲಿ ನಮ್ಮ ನೆಲದ ಒಂದು ಗಿಡವಿದೆ. ಸರ್ಪಗಂಧದ ಬೇರನ್ನು ನಾಟಿವೈದ್ಯರು ಹುಚ್ಚಿಗೆ, ನಿದ್ರೆ ಬಾರದವರಿಗೆ, ಹಾವಿನ ವಿಷಕ್ಕೆ ಕೊಡುತ್ತಿದ್ದರು. ಅದು ಬಿಪಿ ಇಳಿಸುತ್ತದೆ ಎಂಬುದನ್ನು ಭಾರತೀಯ ವೈದ್ಯರು 1930ರ ದಶಕದಲ್ಲೇ ಗಮನಿಸಿದ್ದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಅದರ ಬಗ್ಗೆ ಬರೆದಾಗ ಹೊರಜಗತ್ತು ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಎಡ್ವರ್ಡ್ ಫ್ರೈಸ್ ನೇತೃತ್ವದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದಲ್ಲಿ ರಿಸರ್ಪಿನ್ ಜೊತೆಗೆ ಇನ್ನೆರಡು ಔಷಧಗಳನ್ನು ಕೊಡಲಾಯಿತು. ಕೆಳಗಿನ ಅಂಕಿ 115ರಿಂದ 129ರವರೆಗೆ ಇದ್ದ 143 ಗಂಡಸರು. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಔಷಧದಂತೆ ಕಾಣುವ ಬರಿಯ ಗುಳಿಗೆ. ಬರಿಯ ಗುಳಿಗೆಯವರಲ್ಲಿ 27 ಮಂದಿಗೆ ಸ್ಟ್ರೋಕ್, ಹೃದಯ ವೈಫಲ್ಯದಂಥ ಗಂಡಾಂತರ ಬಂತು, ನಾಲ್ವರು ತೀರಿಕೊಂಡರು. ಔಷಧ ಪಡೆದವರಲ್ಲಿ ಗಂಡಾಂತರ ಇಬ್ಬರಿಗೆ ಮಾತ್ರ, ಸಾವು ಒಂದೂ ಇಲ್ಲ. ಪ್ರಯೋಗ ಮುಂದುವರಿಸುವುದೇ ಅನ್ಯಾಯ ಎಂದು ಅದನ್ನು ಅರ್ಧಕ್ಕೆ ನಿಲ್ಲಿಸಿದರು. ರಿಸರ್ಪಿನ್ ಈಗ ಬಳಕೆಯಿಂದ ಹೆಚ್ಚೂಕಡಿಮೆ ಮರೆಯಾಗಿದೆ, ಅದಕ್ಕಿಂತ ಒಳ್ಳೆಯ ಮಾತ್ರೆಗಳು ಬಂದಿವೆ. ಸರ್ಪಗಂಧದ ಬೇರನ್ನು ಮನೆಯಲ್ಲಿ ಅರೆದು ಕುಡಿಯುವ ಸಾಹಸ ಯಾರೂ ಮಾಡಬಾರದು. ಆದರೆ ಬಿಪಿ ಮಾತ್ರೆ ಎಂದರೆ ಪರದೇಶದ ಮೋಸ ಎಂದು ನಂಬಿರುವವರಿಗೆ ಈ ಬೇರಿನ ಕಥೆಯನ್ನು ಹೇಳಬೇಕು.

ಆ ಪ್ರಯೋಗದಲ್ಲಿ ಲೆಕ್ಕಕ್ಕೆ ಹಿಡಿದದ್ದು ಕೆಳಗಿನ ಅಂಕಿಯನ್ನು. ಆ ಕಾಲದಲ್ಲಿ ವೈದ್ಯರ ಕಣ್ಣೆಲ್ಲ ಅದರ ಮೇಲೆಯೇ. ಅಮೆರಿಕದ ಫ್ರೇಮಿಂಗ್ಹ್ಯಾಮ್ ಎಂಬ ಪಟ್ಟಣದಲ್ಲಿ 1948ರಿಂದ ಒಂದು ಊರಿಗೆ ಊರನ್ನೇ ದಶಕಗಟ್ಟಲೆ ಗಮನಿಸುತ್ತ ಬಂದ ಅಧ್ಯಯನ ಆ ನಂಬಿಕೆಯನ್ನು ಅಲುಗಿಸಿತು. ಐವತ್ತು ದಾಟಿದ ಮೇಲೆ ಮೇಲಿನ ಅಂಕಿಯೇ ಹೆಚ್ಚು ಸತ್ಯ ಹೇಳುತ್ತಿತ್ತು. ಕಾರಣ ಸರಳ. ವಯಸ್ಸಾದಂತೆ ದೊಡ್ಡ ರಕ್ತನಾಳಗಳು ಹಿಗ್ಗುವ ಗುಣ ಕಳೆದುಕೊಳ್ಳುತ್ತವೆ. ಹೃದಯ ದೂಡಿದಾಗ ಒತ್ತಡ ಜೋರಾಗಿ ಮೇಲೇರುತ್ತದೆ, ಸಡಿಲಾದಾಗ ಬೇಗ ಕೆಳಗಿಳಿಯುತ್ತದೆ. ಹಾಗಾಗಿ ಅರವತ್ತರ ಮೇಲಿನವರಲ್ಲಿ 170/80 ಎಂಬಂಥ ಅಂಕಿಗಳು ಸಾಮಾನ್ಯ. ‘ಕೆಳಗಿಂದು ಸರಿಯಾಗೈತೆ, ಏನೂ ಭಯ ಇಲ್ಲ’ ಎಂದು ಹೇಳಿ ಕಳಿಸಿದರೆ ಅದು ತಪ್ಪು ಸಮಾಧಾನ. 1991ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಇಂಥವರನ್ನೇ ಆರಿಸಿಕೊಂಡಿತ್ತು. ಅರವತ್ತು ದಾಟಿದ, ಮೇಲಿನದು 160ಕ್ಕೂ ಹೆಚ್ಚು, ಕೆಳಗಿನದು 90ರೊಳಗೆ ಇದ್ದ 4,736 ಮಂದಿ. ಕ್ಲೋರ್‌ಥಾಲಿಡೋನ್ ಎಂಬ ಹಳೆಯ, ಅಗ್ಗದ ಮಾತ್ರೆಯಿಂದ ಆರಂಭಿಸಿದ ಚಿಕಿತ್ಸೆಯಿಂದ ಅವರಲ್ಲಿ ಸ್ಟ್ರೋಕ್ 36 ಪ್ರತಿಶತ ಕಡಿಮೆಯಾಯಿತು.

2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕ ಇನ್ನೂ ದೊಡ್ಡದು. 61 ಅಧ್ಯಯನಗಳ ಹತ್ತು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ನಲವತ್ತರಿಂದ ಎಪ್ಪತ್ತರೊಳಗಿನವರಲ್ಲಿ ಮೇಲಿನ ಅಂಕಿ 20 ಏರಿದರೆ, ಅಥವಾ ಕೆಳಗಿನದು 10 ಏರಿದರೆ, ಸ್ಟ್ರೋಕ್‌ನಿಂದಲೂ ಹೃದ್ರೋಗದಿಂದಲೂ ಸಾಯುವ ಸಾಧ್ಯತೆ ಸುಮಾರು ಎರಡರಷ್ಟಾಗುತ್ತಿತ್ತು. ಇದು 140ರಿಂದ ಶುರುವಾಗುವ ಏರಿಕೆಯಲ್ಲ. 115/75ರಿಂದಲೇ ನಿಧಾನವಾಗಿ ಏರುತ್ತ ಹೋಗುತ್ತದೆ. 139 ಇದ್ದವರು ಕ್ಷೇಮ, 141 ಇದ್ದವರು ರೋಗಿ ಎಂಬ ಗೆರೆ ನಮ್ಮ ಅನುಕೂಲಕ್ಕೆ ಎಳೆದುಕೊಂಡದ್ದು. ಮೇಲಿನ ಮತ್ತು ಕೆಳಗಿನ ಅಂಕಿಗಳ ನಡುವಿನ ಅಂತರವೇ ಎಲ್ಲಕ್ಕಿಂತ ಒಳ್ಳೆಯ ಸೂಚಕ ಎಂಬ ವಾದವೂ ಆಗ ಬಲವಾಗಿತ್ತು. ಹತ್ತು ಲಕ್ಷ ಜನರ ಲೆಕ್ಕ ಅದನ್ನು ಒಪ್ಪಲಿಲ್ಲ. ಎರಡೂ ಅಂಕಿಗಳ ಸರಾಸರಿ ಒಂದೊಂದು ಅಂಕಿಗಿಂತ ತುಸು ಹೆಚ್ಚು ಹೇಳಿತು, ಅಂತರ ಬಹಳ ಕಡಿಮೆ ಹೇಳಿತು. 2019ರಲ್ಲಿ ಕ್ಯಾಲಿಫೋರ್ನಿಯಾದ 13 ಲಕ್ಷ ಜನರ ದಾಖಲೆಗಳಿಂದಲೂ ಇದೇ ಹೊರಬಿತ್ತು: ಎರಡೂ ಅಂಕಿಗಳು ತಮ್ಮತಮ್ಮ ಮಟ್ಟಿಗೆ ಅಪಾಯವನ್ನು ಸೂಚಿಸುತ್ತವೆ, ಮೇಲಿನದರ ತೂಕ ಹೆಚ್ಚು. ಆದ್ದರಿಂದ ಚೀಟಿಯಲ್ಲಿ ಒಂದೇ ಅಂಕಿ ನೋಡುವಷ್ಟು ಮಾತ್ರ ವ್ಯವಧಾನವಿದ್ದರೆ ಮೇಲಿನದನ್ನು ನೋಡಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರ. ಅದೇ 150 ಎಲ್ಲರಿಗೂ ಒಂದೇ ಅಪಾಯವಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ, ಬೀಡಿ ಸೇದುವವರಿಗೆ, ಒಮ್ಮೆ ಸ್ಟ್ರೋಕ್ ಆದವರಿಗೆ ಅದು ಹೆಚ್ಚು ಭಾರ. ನಮ್ಮ ಪಕ್ಕದ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹೆರಿಗೆಯಾದ ಮಕ್ಕಳ ತೂಕವನ್ನು ಜತನದಿಂದ ಬರೆದಿಟ್ಟಿತ್ತು. ದಶಕಗಳ ನಂತರ ಸಂಶೋಧಕರು ಆ ಮಕ್ಕಳನ್ನು, ಆಗ ನಡುವಯಸ್ಸು ದಾಟಿದವರನ್ನು, ಹುಡುಕಿಕೊಂಡು ಹೋದರು. 517 ಮಂದಿಯ ಆ ಅಧ್ಯಯನ 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ 11 ಪ್ರತಿಶತ ಜನಕ್ಕೆ ಹೃದ್ರೋಗವಿತ್ತು, ಮೂರು ಕಿಲೋಗೂ ಹೆಚ್ಚು ತೂಗಿದವರಲ್ಲಿ 3 ಪ್ರತಿಶತ. ಬಿಪಿ ಮಾತ್ರ ಹುಟ್ಟಿನ ತೂಕಕ್ಕೆ ತಕ್ಕಂತೆ ಏರಿರಲಿಲ್ಲ ಎಂದು ಮುಂದಿನ ಅಧ್ಯಯನ ತೋರಿಸಿತು. ತಾಯಿಯ ಹೊಟ್ಟೆಯಲ್ಲೇ ಶುರುವಾಗುವ ಅಪಾಯವೊಂದು ಬಿಪಿ ಅಂಕಿಯಲ್ಲಿ ಕಾಣದೆಯೂ ಇರಬಹುದು. ಬಿಪಿ ನೋಡಿ ‘ನಾರ್ಮಲ್’ ಎಂದಾಕ್ಷಣ ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವವರು ಇದನ್ನು ನೆನಪಿಡಬೇಕು.

ಇನ್ನು ಇರುಳಿನ ಅಂಕಿ. ನನಗೆ ಅತ್ಯಂತ ಮುಖ್ಯ ಎನಿಸುವುದು ಇದೇ.

ಜಪಾನಿನ ಉತ್ತರ ಭಾಗದಲ್ಲಿ ಓಹಸಾಮ ಎಂಬ ಹಳ್ಳಿಗಾಡಿನ ಸಣ್ಣ ಪಟ್ಟಣವಿದೆ. ಬೇಸಾಯವೇ ಅಲ್ಲಿನ ಬದುಕು. 1980ರ ದಶಕದ ಕೊನೆಯಲ್ಲಿ ಯುತಕಾ ಇಮಾಯ್ ಎಂಬ ವೈದ್ಯರು ಮತ್ತು ಅವರ ತಂಡ ಆ ಊರಿನ ಮನೆಗಳಿಗೆ ಬಿಪಿ ಯಂತ್ರ ಕೊಟ್ಟು, ಬೆಳಿಗ್ಗೆ ಎದ್ದು ಅಳೆದು ಬರೆದಿಡಿ ಎಂದರು. ನಲವತ್ತು ದಾಟಿದ 1,789 ಮಂದಿಯನ್ನು ಆರೂವರೆ ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 1998ರಲ್ಲಿ ಅವರು ಹೇಳಿದ್ದು ಇಷ್ಟು: ಯಾರು ಸಾಯುತ್ತಾರೆ ಎಂಬುದನ್ನು ತಪಾಸಣಾ ಶಿಬಿರದಲ್ಲಿ ನೋಡಿದ ಬಿಪಿಗಿಂತ ಮನೆಯಲ್ಲಿ ನೋಡಿದ ಬಿಪಿ ಚೆನ್ನಾಗಿ ಹೇಳುತ್ತದೆ. ಮುಂದೆ ಅದೇ ಊರಿನವರ ತೋಳಿಗೆ ಇಪ್ಪತ್ನಾಲ್ಕು ಗಂಟೆ ಯಂತ್ರ ಕಟ್ಟಿ ನಿದ್ದೆಯಲ್ಲೂ ಅಳೆದರು. ಆರೋಗ್ಯವಂತರಲ್ಲಿ ಮಲಗಿದಾಗ ಬಿಪಿ ಹಗಲಿಗಿಂತ ಹತ್ತರಿಂದ ಇಪ್ಪತ್ತು ಪ್ರತಿಶತ ಇಳಿಯುತ್ತದೆ. ಆ ಇಳಿತ ಐದು ಪ್ರತಿಶತ ಕಡಿಮೆಯಾದಂತೆಲ್ಲ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು 20 ಪ್ರತಿಶತ ಏರುತ್ತಿತ್ತು. ದಿನದ ಸರಾಸರಿ ಬಿಪಿ ಸರಿಯಾಗಿದ್ದವರಲ್ಲೂ ಹೀಗೇ. ದೊಡ್ಡ ನಗರದ ದೊಡ್ಡ ಆಸ್ಪತ್ರೆಯಲ್ಲಿ ಅಲ್ಲ, ಹೊಲ ತೋಟದ ಊರಿನಲ್ಲಿ, ರೈತರ ಮನೆಗಳಲ್ಲಿ ಸಿಕ್ಕ ತಿಳಿವಳಿಕೆ ಇದು. ಹಳ್ಳಿಯವರಿಗೆ ಯಂತ್ರ ಬಳಸಲು ಬರುವುದಿಲ್ಲ ಎನ್ನುವವರಿಗೆ ಓಹಸಾಮ ಮೂವತ್ತು ವರ್ಷದ ಹಿಂದೆಯೇ ಉತ್ತರ ಕೊಟ್ಟಿದೆ.

2023ರಲ್ಲಿ ಸ್ಪೇನಿನಿಂದ ಬಂದ ವರದಿ ಈ ವಿಷಯವನ್ನು ಹೆಚ್ಚುಕಡಿಮೆ ಇತ್ಯರ್ಥ ಮಾಡಿತು. ಸಾಮಾನ್ಯ ಚಿಕಿತ್ಸಾಲಯಗಳಿಗೆ ಬಂದ 59,124 ಮಂದಿಗೆ ಚಿಕಿತ್ಸಾಲಯದಲ್ಲೂ ಅಳೆದು, ಒಂದು ಹಗಲು ಒಂದು ರಾತ್ರಿ ತೋಳಿನ ಯಂತ್ರದಲ್ಲೂ ಅಳೆದು, ಸುಮಾರು ಹತ್ತು ವರ್ಷ ಗಮನಿಸಿದ್ದರು. ಅಷ್ಟರಲ್ಲಿ 7,174 ಮಂದಿ ತೀರಿಕೊಂಡಿದ್ದರು. ಒಂದೇ ಅಳತೆಗೋಲಿನಲ್ಲಿ ತೂಗಿ ನೋಡಿದಾಗ, ಚಿಕಿತ್ಸಾಲಯದ ಮೇಲಿನ ಅಂಕಿ ಒಂದು ಹಂತ ಏರಿದರೆ ಸಾವಿನ ಅಪಾಯ 18 ಪ್ರತಿಶತ ಹೆಚ್ಚು. ಇರುಳಿನ ಮೇಲಿನ ಅಂಕಿ ಅಷ್ಟೇ ಏರಿದರೆ 43 ಪ್ರತಿಶತ. ಇಪ್ಪತ್ನಾಲ್ಕು ಗಂಟೆಯ ಅಂಕಿ ಕೈಯಲ್ಲಿದ್ದರೆ ಚಿಕಿತ್ಸಾಲಯದ ಅಂಕಿಯಿಂದ ಹೊಸದಾಗಿ ತಿಳಿಯುವುದು ಏನೂ ಉಳಿಯುತ್ತಿರಲಿಲ್ಲ ಎನ್ನಬೇಕು. ವೈದ್ಯರನ್ನು ಕಂಡೊಡನೆ ಎದೆ ಹೊಡೆದುಕೊಂಡು ಬಿಪಿ ಏರುವವರು, ಮನೆಯಲ್ಲಿ ಸರಿಯಿದ್ದರೆ, ಹೆಚ್ಚಿನ ಅಪಾಯದಲ್ಲಿರಲಿಲ್ಲ. ಆಸ್ಪತ್ರೆಯಲ್ಲಿ ಸರಿಯಾಗಿ ಕಂಡು ಮನೆಯಲ್ಲಿ ಏರುವವರು ಮಾತ್ರ ನಿಜವಾದ ಅಪಾಯದಲ್ಲಿದ್ದರು. ಮರೆಯಲ್ಲಿರುವ ಬಿಪಿ ಅದು.

ನಮ್ಮಲ್ಲಿ ಅಂಥವರು ಎಷ್ಟಿದ್ದಾರೆ? ಹೃದ್ರೋಗ ತಜ್ಞ ಉಪೇಂದ್ರ ಕೌಲ್ ಮುಂದಾಳಾಗಿ ನಡೆಸಿದ ಇಂಡಿಯಾ ಹಾರ್ಟ್ ಸ್ಟಡಿಯಲ್ಲಿ, ಬಿಪಿಗೆ ಔಷಧ ತೆಗೆದುಕೊಳ್ಳದ 18,918 ಭಾರತೀಯರಿಗೆ ಮನೆಯಲ್ಲಿ ಒಂದು ವಾರ, ದಿನಕ್ಕೆ ನಾಲ್ಕು ಸಲ ಅಳೆಯಲು ಹೇಳಲಾಯಿತು. ಅವರಲ್ಲಿ 18 ಪ್ರತಿಶತ ಜನರ ಬಿಪಿ ಹೀಗೆ ಮರೆಯಲ್ಲಿತ್ತು. ಇನ್ನು 24 ಪ್ರತಿಶತ ಜನರದ್ದು ಆಸ್ಪತ್ರೆಯಲ್ಲಷ್ಟೇ ಏರುತ್ತಿತ್ತು. ಅಂದರೆ ಹತ್ತರಲ್ಲಿ ನಾಲ್ವರ ವಿಷಯದಲ್ಲಿ ಚೀಟಿಯ ಒಂದೇ ಅಂಕಿ ದಾರಿ ತಪ್ಪಿಸುತ್ತಿತ್ತು. ನಮ್ಮವರಲ್ಲಿ ಬೆಳಗಿನ ಬಿಪಿಗಿಂತ ಸಂಜೆಯದು ಹೆಚ್ಚು ಎಂದೂ ಅದೇ ಅಧ್ಯಯನದಲ್ಲಿ ಕಂಡಿತು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ ಬಿಪಿ ನೋಡಿ ಮುಗಿಸುವ ನಮ್ಮ ಆಸ್ಪತ್ರೆಗಳ ಪದ್ಧತಿಗೆ ಇದು ಯೋಚಿಸಬೇಕಾದ ಮಾತು.

ಇಪ್ಪತ್ನಾಲ್ಕು ಗಂಟೆಯ ಯಂತ್ರ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಿಗುವ ವಸ್ತುವಲ್ಲ, ನಿಜ. ಆದರೆ ಯಾರಿಗೆ ಇರುಳಿನ ಬಿಪಿ ಇಳಿಯದಿರುವ ಸಂಭವ ಹೆಚ್ಚು ಎಂಬುದು ಗೊತ್ತಿದೆ. ಸಕ್ಕರೆ ಕಾಯಿಲೆಯವರು, ಮೂತ್ರಪಿಂಡ ಸೋತವರು, ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟುವವರು, ರಾತ್ರಿ ಪಾಳಿಯಲ್ಲಿ ದುಡಿಯುವವರು. ಇವರನ್ನಾದರೂ ಆರಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿ ಒಂದು ರಾತ್ರಿ ಅಳೆಸುವ ಏರ್ಪಾಡು ಆಗಬೇಕು. ತಾಲ್ಲೂಕಿಗೊಂದು ಯಂತ್ರವಿದ್ದರೂ ಸರದಿಯಲ್ಲಿ ಎಷ್ಟೋ ಜನಕ್ಕೆ ಒದಗುತ್ತದೆ. ಉಳಿದವರಿಗೆ ಮನೆಯ ಅಳತೆಯೇ ಸಾಕಷ್ಟು ಒಳ್ಳೆಯದು. ಏಳು ದಿನ ಬೆಳಿಗ್ಗೆ, ಸಂಜೆ ಎರಡೆರಡು ಸಲ ನೋಡಿ, ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆದರೆ ಅದು 135/85ರೊಳಗೆ ಇರಬೇಕು. ಆಸ್ಪತ್ರೆಯ 140/90ಕ್ಕೆ ಸಮನಾದ ಮನೆಯ ಗೆರೆ ಇದು.

ಅಳೆಯುವ ಬಗೆಯ ಬಗ್ಗೆ ನಾವು ತೋರಿಸುವ ಅಸಡ್ಡೆ ನೋಡಿದರೆ ಸಂಕಟವಾಗುತ್ತದೆ. ಬಸ್ಸಿಳಿದು ಓಡಿ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಸೀರೆಯ ರವಿಕೆಯ ಮೇಲೆಯೇ ಪಟ್ಟಿ ಸುತ್ತಿ, ‘ಎಷ್ಟ್ ದಿನದಿಂದ ಮಾತ್ರೆ ತಗಂತಿದ್ದೀಯವ್ವ?’ ಎಂದು ಕೇಳುತ್ತ ಅಳೆದುಬಿಡುತ್ತಾರೆ. ಮಾತಾಡಿದರೆ ಏರುತ್ತದೆ. ಮೂತ್ರ ಕಟ್ಟಿಕೊಂಡಿದ್ದರೆ ಏರುತ್ತದೆ. ಕಾಫಿ ಕುಡಿದು, ಬೀಡಿ ಸೇದಿ ಬಂದರೆ ಏರುತ್ತದೆ. 2024ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಕೈಯನ್ನು ಮೇಜಿನ ಮೇಲೆ ಎದೆಮಟ್ಟಕ್ಕೆ ಇಡುವ ಬದಲು ತೊಡೆಯ ಮೇಲೆ ಇಟ್ಟರೆ ಮೇಲಿನ ಅಂಕಿ ಸುಮಾರು 4, ಪಕ್ಕಕ್ಕೆ ಜೋಲುಬಿಟ್ಟರೆ ಆರೂವರೆಯಷ್ಟು ಹೆಚ್ಚಾಗಿ ತೋರಿತು. ಪಟ್ಟಿಯ ಅಳತೆ ತಪ್ಪಿದರೆ ಇನ್ನೂ ಕೇಡು. ತುಂಬ ದಪ್ಪ ತೋಳಿಗೆ ಸಾಮಾನ್ಯ ಪಟ್ಟಿ ಸುತ್ತಿದಾಗ ಹತ್ತೊಂಬತ್ತಕ್ಕೂ ಹೆಚ್ಚು ಅಂಕಿ ಸುಳ್ಳಾಗಿ ಏರಿದ್ದನ್ನು 2023ರ ಇನ್ನೊಂದು ಅಧ್ಯಯನ ತೋರಿಸಿತು. ಸಣಕಲು ತೋಳಿಗೆ ಅದೇ ಪಟ್ಟಿ ಸುತ್ತಿದರೆ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಕೂಲಿ ಮಾಡಿ ಒಣಗಿದ ತೋಳುಗಳ ನಮ್ಮ ಊರುಗಳಲ್ಲಿ ಈ ಎರಡನೆಯ ತಪ್ಪಿಗೆ ಹೆಚ್ಚು ಹೆದರಬೇಕು. ಐದು ನಿಮಿಷ ಬೆನ್ನಿಗೆ ಒರಗು ಕೊಟ್ಟು ಸುಮ್ಮನೆ ಕೂರಿಸಿ, ಎರಡು ಸಲ ಅಳೆಯಲು ಕಾಸೇನೂ ಖರ್ಚಾಗುವುದಿಲ್ಲ.

ಸರಿಯಾಗಿ ಅಳೆಯುವ ಈ ಮಾತು ಇನ್ನೊಂದು ಕಾರಣಕ್ಕೂ ಮುಖ್ಯ. 2015ರ ಸ್ಪ್ರಿಂಟ್ ಪ್ರಯೋಗ ಮೇಲಿನ ಅಂಕಿಯನ್ನು 140ರ ಬದಲು 120ರೊಳಗೆ ಇಳಿಸಲು ಯತ್ನಿಸಿದಾಗ ಒಟ್ಟು ಸಾವು 27 ಪ್ರತಿಶತ ಕಡಿಮೆಯಾಯಿತು. 9,361 ಮಂದಿಯ ಪ್ರಯೋಗ ಅದು. ಅವರ ಬಿಪಿಯನ್ನು ಐದು ನಿಮಿಷ ವಿಶ್ರಾಂತಿಯ ಮೇಲೆ, ತಾನಾಗಿಯೇ ಅಳೆಯುವ ಯಂತ್ರದಲ್ಲಿ ನೋಡಿದ್ದರು. ಸಕ್ಕರೆ ಕಾಯಿಲೆಯವರನ್ನು ಸೇರಿಸಿಕೊಂಡಿರಲಿಲ್ಲ. ಬಿಪಿ ತೀರ ಇಳಿದು ತಲೆಸುತ್ತಿದವರು, ಮೂತ್ರಪಿಂಡಕ್ಕೆ ಪೆಟ್ಟಾದವರು 120ರ ಗುರಿಯ ಗುಂಪಿನಲ್ಲಿ ಹೆಚ್ಚಿದ್ದರು. ಗಡಿಬಿಡಿಯಲ್ಲಿ ಅಳೆದ ಅಂಕಿಯನ್ನು ಹಿಡಿದು 120ಕ್ಕೆ ಇಳಿಸಹೊರಟರೆ ಅಜ್ಜಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳಬಹುದು. ಹಾಗೆಂದು ವಯಸ್ಸಾದವರಿಗೆ ಮಾತ್ರೆಯೇ ಬೇಡ ಎಂಬುದೂ ಸರಿಯಲ್ಲ. ಎಂಬತ್ತು ದಾಟಿದ 3,845 ಮಂದಿಯ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 150/80ರ ಗುರಿ ಇಟ್ಟುಕೊಂಡು ಚಿಕಿತ್ಸೆ ಕೊಟ್ಟಾಗ ಸಾವು 21 ಪ್ರತಿಶತ ಕಡಿಮೆಯಾಗಿತ್ತು. ವಯಸ್ಸಾದವರನ್ನು ಕೂರಿಸಿ ನೋಡಿದ ಮೇಲೆ ನಿಲ್ಲಿಸಿಯೂ ಒಮ್ಮೆ ನೋಡುವುದು ಒಳ್ಳೆಯದು.

ಉಪ್ಪಿನ ಮಾತು ಎತ್ತದೆ ಈ ಸೀಮೆಯಲ್ಲಿ ಬಿಪಿ ಬಗ್ಗೆ ಬರೆಯಲಾಗದು. ಮುದ್ದೆ, ಉಪ್ಸಾರು, ಖಾರ ಇಲ್ಲಿಯ ಊಟ. ಕಾಳು ಸೊಪ್ಪು ಬೇಯಿಸಿ ಬಸಿದ ಉಪ್ಸಾರು ಒಳ್ಳೆಯ ಆಹಾರವೇ, ಸಂದೇಹ ಬೇಡ. ಜೊತೆಗೆ ನೆಂಚಿಕೊಳ್ಳುವ ಖಾರದಲ್ಲಿ, ಉಪ್ಪಿನಕಾಯಿಯಲ್ಲಿ, ಸಂಡಿಗೆ ಹಪ್ಪಳದಲ್ಲಿ, ಸಂಜೆಯ ಅಂಗಡಿ ತಿಂಡಿಯಲ್ಲಿ ಉಪ್ಪು ಅಳತೆ ಮೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎನ್ನುತ್ತದೆ. ಭಾರತೀಯರು ತಿನ್ನುತ್ತಿರುವುದು ಸುಮಾರು 8 ಗ್ರಾಂ ಎಂದು ರಾಷ್ಟ್ರೀಯ ಸಮೀಕ್ಷೆಯೊಂದು ಅಂದಾಜಿಸಿದೆ. 1988ರಲ್ಲಿ 32 ದೇಶಗಳಲ್ಲಿ ನಡೆದ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ, ಉಪ್ಪನ್ನೇ ಬಳಸದ ಅಮೆಜಾನ್ ಕಾಡಿನ ಯಾನೊಮಾಮಿ ಜನರ ಸರಾಸರಿ ಬಿಪಿ ಸುಮಾರು 95/61 ಇತ್ತು, ವಯಸ್ಸಾದರೂ ಏರುತ್ತಿರಲಿಲ್ಲ. ವಯಸ್ಸಿಗೆ ನೂರು ಕೂಡಿಸುವ ಲೆಕ್ಕ ಪ್ರಕೃತಿ ನಿಯಮವಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ನಮ್ಮ ಕಾಡಿನ ಜನರ ಕಥೆ ಬದಲಾಗುತ್ತಿದೆ. ಡಾ. ಎಚ್. ಸುದರ್ಶನ್ ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದಾಗ ಎದುರಿಗಿದ್ದದ್ದು ಕುಷ್ಠ, ಕ್ಷಯದಂಥ ರೋಗಗಳು. ಮುಂದೆ ಮೈಸೂರಿನ ಸಂಶೋಧಕರು ಸೋಲಿಗರಂತೆಯೇ ಕಾಡಿನ ಜನರಾದ ಜೇನುಕುರುಬರ ನಡುವೆ ನೋಡಿದಾಗ ಸುಮಾರು ಐವರಲ್ಲಿ ಒಬ್ಬರಿಗೆ ಬಿಪಿ ಇತ್ತು. ಕಾಡು ಬಿಟ್ಟು ಅಂಗಡಿ ಅಕ್ಕಿ, ಅಂಗಡಿ ಉಪ್ಪಿಗೆ ಬಂದವರ ಮೈಯಲ್ಲಿ ಬರೆದಿರುವ ಬದಲಾವಣೆ ಅದು ಎಂದೇ ನನಗನಿಸುತ್ತದೆ.

ಚೀನಾದ 600 ಹಳ್ಳಿಗಳಲ್ಲಿ, ಸ್ಟ್ರೋಕ್ ಆಗಿದ್ದ ಅಥವಾ ಬಿಪಿ ಇದ್ದ ವಯಸ್ಸಾದ 20,995 ಮಂದಿಯಲ್ಲಿ ಅರ್ಧ ಹಳ್ಳಿಗಳವರಿಗೆ ಕಾಲು ಭಾಗ ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ಸುಮಾರು ಐದು ವರ್ಷ ಕೊಟ್ಟು ನೋಡಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಸ್ಟ್ರೋಕ್ 14 ಪ್ರತಿಶತ, ಸಾವು 12 ಪ್ರತಿಶತ ಕಡಿಮೆ. ಮಾತ್ರೆಯಲ್ಲ, ಡಾಕ್ಟರಲ್ಲ, ಅಡುಗೆಮನೆಯ ಉಪ್ಪು ಬದಲಾಯಿತು ಅಷ್ಟೇ. ನ್ಯಾಯಬೆಲೆ ಅಂಗಡಿಯಲ್ಲಿ ಇಂಥ ಉಪ್ಪು ಕೊಡುವ ಬಗ್ಗೆ ಸರ್ಕಾರ ಯೋಚಿಸಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಇಷ್ಟೆಲ್ಲ ಅಳೆದ ಮೇಲೂ ಜೀವ ಉಳಿಸುವುದು ಅಳತೆಯಲ್ಲ, ಚಿಕಿತ್ಸೆ. 17 ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಪ್ಯೂರ್ ಅಧ್ಯಯನದ ಭಾರತದ ಕೆಲಸ ನಡೆದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಿಂದ. 2014ರಲ್ಲಿ ಬಂದ ಅದರ ಫಲಿತಾಂಶವನ್ನು ಓದಿದಾಗ ನನಗೆ ಸಿಟ್ಟೂ ಬಂತು, ದುಃಖವೂ ಆಯಿತು. ಹೃದ್ರೋಗ ತರುವ ಕಾರಣಗಳು ಶ್ರೀಮಂತ ದೇಶಗಳಲ್ಲಿ ಹೆಚ್ಚು, ಬಡ ದೇಶಗಳಲ್ಲಿ ಕಡಿಮೆ. ಪಟ್ಟಣದಲ್ಲಿ ಹೆಚ್ಚು, ಹಳ್ಳಿಯಲ್ಲಿ ಕಡಿಮೆ. ಆದರೆ ಹೃದಯಾಘಾತ, ಸ್ಟ್ರೋಕ್ ಬಡವರಿಗೆ ಹೆಚ್ಚು, ಹಳ್ಳಿಯವರಿಗೆ ಹೆಚ್ಚು. ಅವು ಬಂದಾಗ ಸಾಯುವವರು ಶ್ರೀಮಂತ ದೇಶಗಳಲ್ಲಿ 6.5 ಪ್ರತಿಶತವಾದರೆ ಬಡ ದೇಶಗಳಲ್ಲಿ 17.3 ಪ್ರತಿಶತ. ಹೊಲದಲ್ಲಿ ದುಡಿದು, ಮುದ್ದೆ ಉಂಡು, ಮೈಯಲ್ಲಿ ಕೊಬ್ಬಿಲ್ಲದೆ ಬದುಕಿದವರು ಪಟ್ಟಣದವರಿಗಿಂತ ಮೊದಲು ಸಾಯುತ್ತಿದ್ದಾರೆ. ಅವರಿಗೆ ಕಾಯಿಲೆ ಇದೆ ಎಂದು ಯಾರೂ ಹೇಳಲಿಲ್ಲ, ಹೇಳಿದವರು ಮಾತ್ರೆ ಮುಟ್ಟಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಭಾರತದಲ್ಲಿ 30ರಿಂದ 79 ವಯಸ್ಸಿನ 18 ಕೋಟಿಗೂ ಹೆಚ್ಚು ಜನಕ್ಕೆ ಬಿಪಿ ಇದೆ. ಅವರಲ್ಲಿ ಕಾಯಿಲೆ ಗೊತ್ತಾಗಿರುವವರು 37 ಪ್ರತಿಶತ, ಚಿಕಿತ್ಸೆಯಲ್ಲಿರುವವರು 30, ಹತೋಟಿಯಲ್ಲಿರುವವರು 15.

ಗೊತ್ತಿರುವ ಔಷಧಗಳು ಅಗ್ಗದವು. 2017ರಲ್ಲಿ 25 ಜಿಲ್ಲೆಗಳಲ್ಲಿ ಆರಂಭವಾದ ಭಾರತೀಯ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಆಮ್ಲೊಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್‌ಥಾಲಿಡೋನ್ ಎಂಬ ಮೂರು ಮಾತ್ರೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುವ ಸರಳ ಕ್ರಮ ಹಾಕಿಕೊಟ್ಟಿತು. ಕರ್ನಾಟಕ ಸರ್ಕಾರ 2024ರಲ್ಲಿ ಕೋಲಾರದಿಂದ ಶುರುಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಮೂವತ್ತು ದಾಟಿದವರನ್ನು ಮನೆಬಾಗಿಲಲ್ಲೇ ತಪಾಸಣೆ ಮಾಡಿ ಮಾತ್ರೆ ತಲುಪಿಸಬೇಕು. ಯೋಜನೆ ಒಳ್ಳೆಯದು. ಅದರ ಬೆಲೆ ಗೊತ್ತಾಗುವುದು ಮೂರನೆಯ ತಿಂಗಳು, ಹನ್ನೆರಡನೆಯ ತಿಂಗಳು ಮಾತ್ರೆ ಸಿಕ್ಕಿತೇ ಎಂಬುದರಿಂದ. ಹೊಳೆಬದಿಯ ಊರುಗಳಲ್ಲಿ ಮಳೆಗಾಲಕ್ಕೆ ಮುಂಚೆ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟರೆ, ಪರಿಹಾರ ಕೇಂದ್ರಕ್ಕೆ ಹೋದಾಗಲೂ ನುಂಗುವುದು ತಪ್ಪದು.

ಮಾತ್ರೆ ನಿಲ್ಲಿಸುವವರ ಮಾತು ಎಲ್ಲ ಊರಲ್ಲೂ ಒಂದೇ: ‘ಚೆನ್ನಾಗೇ ಇವ್ನಿ ಕಣವ್ವ, ಇನ್ಯಾಕೆ ಮಾತ್ರೆ?’ ಚೆನ್ನಾಗಿರುವುದು ಮಾತ್ರೆಯಿಂದ ಎಂದು ಅವರಿಗೆ ಕೂತು ಹೇಳುವವರು ಬೇಕು. ಆಶಾ ಕಾರ್ಯಕರ್ತೆ ಹೇಳಿದರೆ ಕೇಳುತ್ತಾರೆ, ಮೊಮ್ಮಗಳು ಹೇಳಿದರೆ ಇನ್ನೂ ಕೇಳುತ್ತಾರೆ. ರಾತ್ರಿ ನುಂಗಿದರೆ ಇರುಳಿನ ಬಿಪಿಗೆ ಒಳ್ಳೆಯದಲ್ಲವೇ ಎಂದು ಓದಿದವರು ಕೇಳುವುದುಂಟು. ಬ್ರಿಟನ್ನಿನಲ್ಲಿ 21,104 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆಳಿಗ್ಗೆ ನುಂಗಿದವರಿಗೂ ರಾತ್ರಿ ನುಂಗಿದವರಿಗೂ ಹೃದಯಾಘಾತ, ಸ್ಟ್ರೋಕ್, ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಾವ ಹೊತ್ತು ನೆನಪಿರುತ್ತದೋ ಆ ಹೊತ್ತು ನುಂಗಬಹುದು. ಬೆಳಿಗ್ಗೆ ಮರೆತರೆ ಅದೇ ದಿನ ನೆನಪಾದಾಗ ನುಂಗಿ. ಮರುದಿನ ಸೇರಿಸಿ ಎರಡು ನುಂಗಬೇಡಿ.